ಮದುವೆ ವಿಡಿಯೋ: ಪೂರ್ಣ ಚಿತ್ರೀಕರಣವೋ, ಸಿನಿಮ್ಯಾಟಿಕ್ ಚಿತ್ರವೋ, ಸಾಕ್ಷ್ಯಚಿತ್ರವೋ?

ಮದುವೆ ವಿಡಿಯೋಗೆ ಕೊಟೇಶನ್ ಕೇಳಿದರೆ ಹೆಚ್ಚುಕಡಿಮೆ ಒಂದೇ ಬಗೆಯ ಪಟ್ಟಿ ಬರುತ್ತದೆ: ಟ್ರೆಡಿಷನಲ್, ಕ್ಯಾಂಡಿಡ್, ಟೀಸರ್, ಪ್ರೀ ವೆಡ್ಡಿಂಗ್, ಡ್ರೋನ್, ಲೈವ್, ಎಲ್‌ಇಡಿ ವಾಲ್. ಜೊತೆಗೊಂದು ಟೀಸರ್‌ನ ಲಿಂಕ್. ಅದನ್ನು ನೋಡಿ ಮನಸೋತು ಅಡ್ವಾನ್ಸ್ ಕೊಟ್ಟುಬಿಡುವವರು ಬಹಳ. ಆದರೆ ಟೀಸರ್ ಎಂದರೆ ಹತ್ತಾರು ಗಂಟೆಯ ಚಿತ್ರೀಕರಣದಿಂದ ಆರಿಸಿ ತೆಗೆದ ಮೂರು ನಿಮಿಷ. ಧಾರೆಯ ಹೊತ್ತಿಗೆ ಕ್ಯಾಮೆರಾ ಎಲ್ಲಿತ್ತು, ಪುರೋಹಿತರು ಹೇಳಿಕೊಟ್ಟದ್ದು ಕೇಳಿಸಿತೇ, ಅಜ್ಜಿ ಅಕ್ಷತೆ ಹಾಕಿದ್ದು ಸಿಕ್ಕಿತೇ ಎಂಬುದು ಅದರಿಂದ ತಿಳಿಯುವುದಿಲ್ಲ. ಮತ್ತೆ ಚಿತ್ರೀಕರಿಸಲು ಆಗದ ಸಂಗತಿ ಎರಡೇ: ಮುಹೂರ್ತದ ಆ ಕೆಲವು ನಿಮಿಷ ಮತ್ತು ಅವತ್ತಿನ ದನಿಗಳು. ಮೊದಲು ಅವನ್ನು ಭದ್ರ ಮಾಡಿಕೊಳ್ಳಿ. ಉಳಿದ ಚೆಂದವನ್ನು ಬಜೆಟ್ ಬಿಟ್ಟಷ್ಟು ಸೇರಿಸಿಕೊಳ್ಳಬಹುದು.

ಮೂರು ದಾರಿಗಳು

ಟ್ರೆಡಿಷನಲ್, ಅಂದರೆ ಪೂರ್ಣ ಚಿತ್ರೀಕರಣ, ಎಂದರೆ ನಾಂದಿ, ವರಪೂಜೆ, ಆರತಕ್ಷತೆ, ಧಾರೆ, ಊಟ ಎಲ್ಲವನ್ನೂ ನಡೆದ ಕ್ರಮದಲ್ಲೇ ಇಡುವ ಎರಡರಿಂದ ನಾಲ್ಕು ಗಂಟೆಯ ವಿಡಿಯೋ. ಹಳೆಯ ಕಾಲದ್ದು ಎಂದು ಇದನ್ನು ತಳ್ಳಿಹಾಕುವುದು ದೊಡ್ಡ ತಪ್ಪು. ಯಾವ ಶಾಸ್ತ್ರ ಹೇಗೆ ನಡೆಯಿತು, ಸೋಬಾನೆ ಹಾಡಿದವರು ಯಾರು, ಯಾರ್‍ಯಾರು ಬಂದಿದ್ದರು ಎಂಬುದು ಪೂರ್ತಿಯಾಗಿ ಉಳಿಯುವುದು ಇದರಲ್ಲಿ ಮಾತ್ರ. ಹತ್ತು ವರ್ಷದ ಮೇಲೆ ಮನೆಯವರು ಹುಡುಕಿ ನೋಡುವುದು, ಈಗ ನಮ್ಮ ಜೊತೆ ಇಲ್ಲದ ಹಿರಿಯರು ನಡೆದಾಡುವ ಆ ಕೆಲವು ದೃಶ್ಯಗಳನ್ನೇ.

ಇದರ ದೋಷ ಇರುವುದು ಮಾಡುವ ರೀತಿಯಲ್ಲಿ. ಕ್ಯಾಮೆರಾದ ತಲೆಯ ಮೇಲೆ ಕೂರಿಸಿದ ಲೈಟು ನೇರವಾಗಿ ಮುಖಕ್ಕೆ ಬಿದ್ದು ಮುಖ ಚಪ್ಪಟೆಯಾಗಿ ಕಾಣುತ್ತದೆ, ಜನ ಕಣ್ಣು ಕಿರಿದು ಮಾಡಿ ಕ್ಯಾಮೆರಾವನ್ನೇ ನೋಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಎಡಿಟಿಂಗ್‌ನಲ್ಲಿ ಆಗುತ್ತದೆ: ಮೂಲ ಧ್ವನಿಯನ್ನು ಅಳಿಸಿ ಉದ್ದಕ್ಕೂ ಸಿನಿಮಾ ಹಾಡು ಹಾಕಿಬಿಡುತ್ತಾರೆ. ಪೂರ್ಣ ವಿಡಿಯೋ ಆರಿಸುವವರು ಎರಡು ಷರತ್ತು ಹಾಕಬೇಕು. ಲೈಟು ಕ್ಯಾಮೆರಾದ ಮೇಲಿರದೆ ವೇದಿಕೆಯ ಎರಡು ಬದಿಯಲ್ಲಿ ಎತ್ತರದ ಸ್ಟ್ಯಾಂಡಿನಲ್ಲಿರಬೇಕು. ಶಾಸ್ತ್ರಗಳು ನಡೆಯುವಾಗ ಅಲ್ಲಿಯ ಧ್ವನಿಯೇ ಇರಬೇಕು, ಹಾಡು ಬೇಡ.

ಸಿನಿಮ್ಯಾಟಿಕ್ ಚಿತ್ರ ಮೂರರಿಂದ ಎಂಟು ನಿಮಿಷದ್ದು. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ), ಹಿನ್ನೆಲೆ ಮಸುಕಾಗಿಸುವ ಲೆನ್ಸು, ನಿಧಾನಗತಿಯ ದೃಶ್ಯ, ಸಂಗೀತದ ತಾಳಕ್ಕೆ ಹೊಂದಿಸಿದ ಎಡಿಟಿಂಗ್. ನೋಡಲು ಇದರಷ್ಟು ಚೆಂದ ಇನ್ನೊಂದಿಲ್ಲ, ಹಂಚಿಕೊಳ್ಳಲೂ ಸುಲಭ. ಆದರೆ ಒಂದು ತಾಂತ್ರಿಕ ಸಂಗತಿ ಗೊತ್ತಿರಬೇಕು. ಸೆಕೆಂಡಿಗೆ 100 ಫ್ರೇಮ್ (ಬಿಡಿ ಚಿತ್ರ) ಹಿಡಿದು 25ರಲ್ಲಿ ಓಡಿಸಿದರೆ ನಾಲ್ಕು ಪಟ್ಟು ನಿಧಾನವಾಗುತ್ತದೆ. ಬಹಳಷ್ಟು ಕ್ಯಾಮೆರಾಗಳ ಸ್ಲೋ ಮೋಷನ್ ಮೋಡಿನಲ್ಲಿ ಧ್ವನಿ ದಾಖಲಾಗುವುದೇ ಇಲ್ಲ. ಇಡೀ ಮುಹೂರ್ತವನ್ನು ಹಾಗೆಯೇ ಚಿತ್ರೀಕರಿಸಿದರೆ ತಾಳಿ ಕಟ್ಟಿದ್ದು ಸೊಗಸಾಗಿ ಕಾಣುತ್ತದೆ, ಆದರೆ ಗಟ್ಟಿಮೇಳವೂ ಇಲ್ಲ, ಮಂತ್ರವೂ ಇಲ್ಲ. ‘ಮುಹೂರ್ತದಲ್ಲಿ ಕನಿಷ್ಠ ಎರಡು ಕ್ಯಾಮೆರಾ ಸಾಧಾರಣ ವೇಗದಲ್ಲಿ, ಧ್ವನಿಯ ಸಮೇತ, ನಿಲ್ಲಿಸದೆ ಓಡುತ್ತಿರುತ್ತವೆಯೇ?’ ಎಂದು ಕೇಳಿ. ಹೌದು ಎನ್ನದಿದ್ದರೆ ಅವರೊಬ್ಬರನ್ನೇ ನಂಬಿಕೊಳ್ಳಬೇಡಿ.

ಸಾಕ್ಷ್ಯಚಿತ್ರ ಶೈಲಿ ಇವೆರಡರ ನಡುವಿನದು: 25 ನಿಮಿಷದಿಂದ ಒಂದು ಗಂಟೆ. ಇಲ್ಲಿ ಯಾರನ್ನೂ ‘ಇನ್ನೊಂದು ಸಲ ನಗಿ, ಈ ಕಡೆ ನೋಡಿ’ ಎಂದು ಕೇಳುವುದಿಲ್ಲ. ಅಡುಗೆಮನೆಯಲ್ಲಿ ಭಟ್ಟರ ಗಡಿಬಿಡಿ, ಕೋಣೆಯಲ್ಲಿ ಅತ್ತಿಗೆ ಜಡೆ ಹೆಣೆಯುತ್ತ ಆಡಿದ ಮಾತು, ಕಾಶಿಯಾತ್ರೆಗೆ ಹೊರಟ ವರನನ್ನು ಕರೆತರುವಾಗಿನ ನಗು ಎಲ್ಲ ಅವರವರ ದನಿಯಲ್ಲೇ ಬರುತ್ತದೆ. ಮದುಮಕ್ಕಳ ಕಥೆ ಹೇಳಬೇಕು ಎನ್ನುವವರಿಗೆ ನಮ್ಮ ಶಿಫಾರಸು ಇದೇ. ಆದರೆ ಖರ್ಚು ಹೆಚ್ಚು, ಏಕೆಂದರೆ ಮಾತು ಕೇಳಿ ಆರಿಸುವ ಎಡಿಟಿಂಗ್‌ಗೆ ವಾರಗಟ್ಟಲೆ ಹಿಡಿಯುತ್ತದೆ. ನಿಮ್ಮ ಮಾತು ಅರ್ಥವಾಗದ ಎಡಿಟರ್ ಕೈಗೆ ಹೋದರೆ ಚಿತ್ರ ಕೆಟ್ಟಂತೆ. ಹವ್ಯಕ ಕನ್ನಡವೋ ಕುಂದಗನ್ನಡವೋ ಧಾರವಾಡದ ಮಾತೋ ತಿಳಿಯದವರಿಗೆ ಯಾವ ವಾಕ್ಯದಲ್ಲಿ ಜೀವ ಇದೆ ಎಂದು ಗೊತ್ತಾಗುವುದು ಹೇಗೆ? ಎಡಿಟ್ ಮಾಡುವವರು ಯಾರು, ಅವರಿಗೆ ಭಾಷೆ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಬಜೆಟ್ ಬಿಗಿಯಾಗಿದ್ದರೆ ಸಾಧಾರಣ ಪೂರ್ಣ ವಿಡಿಯೋ ತೆಗೆದುಕೊಂಡು ಧ್ವನಿಗೆ ಸ್ವಲ್ಪ ಹೆಚ್ಚು ಕೊಡಿ. ಮೂಲ ಫುಟೇಜ್ (ಎಡಿಟ್ ಮಾಡದ ಚಿತ್ರೀಕರಣ) ಚೆನ್ನಾಗಿದ್ದರೆ ಕಿರುಚಿತ್ರವನ್ನು ಎರಡು ವರ್ಷದ ಮೇಲೂ ಬೇರೆಯವರಿಂದ ಕಟ್ಟಿಸಬಹುದು. ಐದು ನಿಮಿಷದ ಚಿತ್ರಕ್ಕೆಂದೇ ತುಣುಕು ತುಣುಕಾಗಿ ಹಿಡಿದ ಫುಟೇಜ್‌ನಿಂದ ಪೂರ್ಣ ವಿಡಿಯೋ ಮಾಡಲು ಬರುವುದಿಲ್ಲ.

ಮುಹೂರ್ತಕ್ಕೆ ಎಷ್ಟು ಕ್ಯಾಮೆರಾ, ಎಲ್ಲಿ?

ಎರಡಕ್ಕಿಂತ ಕಡಿಮೆ ಬೇಡ, ಮೂರಿದ್ದರೆ ನಿಶ್ಚಿಂತೆ. ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವ ಗಳಿಗೆಯಲ್ಲಿ ಇಬ್ಬರೂ ಎದುರುಬದುರು ನಿಂತಿರುತ್ತಾರೆ. ಒಂದೇ ಕ್ಯಾಮೆರಾ ಇದ್ದರೆ ಒಬ್ಬರ ಮುಖ, ಇನ್ನೊಬ್ಬರ ಬೆನ್ನು. ವಧುವಿನ ಹಿಂಬದಿಯ ಓರೆಯಿಂದ ವರನ ಮುಖಕ್ಕೊಂದು, ವರನ ಹಿಂಬದಿಯ ಓರೆಯಿಂದ ವಧುವಿನ ಮುಖಕ್ಕೊಂದು ಕ್ಯಾಮೆರಾ ಬೇಕು. ಎರಡೂ ವೇದಿಕೆಯ ಮುಂಬದಿಯಲ್ಲೇ ಇದ್ದರೆ ಒಂದರೊಳಗೆ ಇನ್ನೊಂದು ಬೀಳುವುದಿಲ್ಲ. ಮೂರನೆಯದು ಇಡೀ ಮಂಟಪ ಕಾಣುವಂತೆ ದೂರದಲ್ಲಿ. ಅದನ್ನು ಎದೆಮಟ್ಟಕ್ಕೆ ಇಟ್ಟರೆ ಗಟ್ಟಿಮೇಳ ಆಗುತ್ತಿದ್ದಂತೆ ಜನ ಅಕ್ಷತೆ ಹಾಕಲು ಎದ್ದು ನಿಲ್ಲುತ್ತಾರೆ, ಆಮೇಲೆ ಕಾಣುವುದು ತಲೆಗಳು ಮತ್ತು ಮೊಬೈಲುಗಳು. ಏಳೆಂಟು ಅಡಿ ಎತ್ತರದ ಸ್ಟ್ಯಾಂಡು ಅಥವಾ ಛತ್ರದ ಬಾಲ್ಕನಿ ಬೇಕೇ ಬೇಕು.

ತಾಳಿಯ ಗಂಟು ಬೀಳುವುದು ವಧುವಿನ ಕತ್ತಿನ ಹಿಂದೆ, ಹೆರಳು ಎತ್ತಿ ಹಿಡಿಯಲು ನಾದಿನಿಯೂ ಅಲ್ಲೇ ಬಾಗಿರುತ್ತಾರೆ. ಫೋಟೋದವರೂ ವಿಡಿಯೋದವರೂ ಅಲ್ಲಿಗೇ ನುಗ್ಗಿದರೆ ಯಾರಿಗೂ ಏನೂ ಸಿಗುವುದಿಲ್ಲ. ಎರಡೂ ತಂಡ ಬೇರೆ ಬೇರೆಯಾಗಿದ್ದರೆ ಹಿಂದಿನ ರಾತ್ರಿಯೇ ಇಬ್ಬರನ್ನೂ ಕರೆದು ಯಾರು ಎಲ್ಲಿ ನಿಲ್ಲುವುದು ಎಂದು ತೀರ್ಮಾನಿಸಿ. ಪುರೋಹಿತರನ್ನೂ ಕೇಳಿ: ಧಾರೆ ಮೊದಲೋ, ಮಾಂಗಲ್ಯ ಮೊದಲೋ, ವರ ಕೂತು ಕಟ್ಟುತ್ತಾನೋ ನಿಂತೋ? ಊರಿಂದೂರಿಗೆ, ಮನೆತನದಿಂದ ಮನೆತನಕ್ಕೆ ಕ್ರಮ ಬೇರೆ. ಬಂಧುಗಳಲ್ಲಿ ಮಾತು ನಡೆಯುವ ಒಬ್ಬ ಹಿರಿಯರಿಗೆ ವೇದಿಕೆಯ ಮುಂದೆ ಜಾಗ ಬಿಡಿಸುವ ಹೊಣೆ ವಹಿಸಿ. ಸ್ಟುಡಿಯೋದವರು ‘ಸ್ವಲ್ಪ ಸರಿಯಿರಿ’ ಎಂದರೆ ಯಾರೂ ಕೇಳುವುದಿಲ್ಲ, ಮಾವ ಹೇಳಿದರೆ ಕೇಳುತ್ತಾರೆ.

ಬೆಳಕಿನಲ್ಲಿ ಆಗಾಗ ಕೆಡುವ ಸಂಗತಿ ಮೂರು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಜ್. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, 1/50 ಸೆಕೆಂಡ್ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಇಟ್ಟುಕೊಂಡರೆ ದೀಪಗಳ ಮಿನುಗು ಬಾರದು; 30 ಫ್ರೇಮ್, 1/60 ಇಟ್ಟರೆ ಟ್ಯೂಬ್‌ಲೈಟಿನಡಿ ಚಿತ್ರ ಅಲುಗುತ್ತದೆ. ಎಲ್‌ಇಡಿ ವಾಲ್ ಮಾತ್ರ ಬೇರೆ ವೇಗದಲ್ಲಿ ಮಿನುಗುವುದರಿಂದ 1/50ರಲ್ಲೂ ಪಟ್ಟೆ ಬರಬಹುದು, ಹಿಂದಿನ ಸಂಜೆಯೇ ಪರೀಕ್ಷಿಸಿ ಶಟರ್ ಹೊಂದಿಸಬೇಕು. ಎರಡನೆಯದು ಅಲಂಕಾರದವರು ಹಾಕುವ ನೇರಳೆ, ಗುಲಾಬಿ ಬಣ್ಣದ ಲೈಟುಗಳು. ಮುಖದ ಮೇಲೆ ಅವು ಬಿದ್ದರೆ ಯಾವ ಎಡಿಟರ್‌ಗೂ ಚರ್ಮದ ಬಣ್ಣ ಸರಿಪಡಿಸಲು ಆಗದು. ಬಣ್ಣ ಹಿಂದಿನ ಪರದೆಗಿರಲಿ, ಮುಂದಿನಿಂದ ಬಿಳಿ ಬೆಳಕೇ ಬರಲಿ ಎಂದು ಅವರಿಗೆ ಬರೆದು ಕೊಡಿ. ಮೂರನೆಯದು ಹೋಮದ ಹೊಗೆ. ಆಟೋ ಫೋಕಸ್ ಹೊಗೆಯಲ್ಲಿ ತಡಕಾಡುತ್ತದೆ, ಲಾಜಹೋಮದ ಹೊತ್ತಿಗೆ ಕೈಯಲ್ಲೇ ಫೋಕಸ್ ಹಿಡಿಯಬೇಕು. ತುಪ್ಪದ ಹನಿ ಲೆನ್ಸಿಗೆ ಸಿಡಿದು ಅದರ ಮಸುಕು ದಿನವಿಡೀ ಉಳಿದ ವಿಡಿಯೋಗಳು ಬೇಕಾದಷ್ಟಿವೆ.

ದನಿ

ಮೂರು ಆಯ್ಕೆಗಳನ್ನು ತೂಗುವಾಗ ಇದಕ್ಕೇ ಹೆಚ್ಚು ಅಂಕ ಕೊಡಿ. ಕ್ಯಾಮೆರಾದಲ್ಲೇ ಇರುವ ಮೈಕಿಗೆ ಛತ್ರದ ಗದ್ದಲವೆಲ್ಲ ಒಂದೇ. ಪುರೋಹಿತರಿಗೊಂದು ಕಾಲರ್ ಮೈಕ್, ವರನಿಗೊಂದು ಚಿಕ್ಕ ರೆಕಾರ್ಡರ್, ನಾಗಸ್ವರ-ಡೋಲಿನಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ ಒಂದು ಮೈಕ್, ಆರತಕ್ಷತೆಯಲ್ಲಿ ಸುಗಮ ಸಂಗೀತವಿದ್ದರೆ ಸೌಂಡ್ ಮಿಕ್ಸರಿನಿಂದ ನೇರ ತಂತಿ. ಇಷ್ಟು ಇದ್ದರೆ ಸಾಕು. ವಧುವಿಗೆ ಮೈಕ್ ಹಾಕುವುದು ಕಷ್ಟ, ಬಳೆ, ಹಾರ, ಜರಿ ಎಲ್ಲವೂ ಉಜ್ಜಿ ಸದ್ದಾಗುತ್ತದೆ. ವರನ ಮೈಕಿನಲ್ಲೇ ಆಕೆಯ ಮಾತೂ ಸಿಗುತ್ತದೆ. ಆತ ಶಲ್ಯ ಹೊದ್ದಿರುವುದರಿಂದ ಮೈಕನ್ನು ಶಲ್ಯದ ಒಳಮಡಿಕೆಗೆ ಟೇಪಿನಲ್ಲಿ ಅಂಟಿಸಿ, ರೆಕಾರ್ಡರನ್ನು ಪಂಚೆಯ ಬೆಲ್ಟಿಗೆ ಸಿಕ್ಕಿಸುವುದು ರೂಢಿ. ಮೈಕ್ ಇರುವುದು ಆತನಿಗೆ ನೆನಪಿರಲಿ, ಕೋಣೆಗೆ ಹೋದಾಗ ಆರಿಸಲು ಕಲಿಸಿಕೊಡಿ.

ಧ್ವನಿಯ ಮಟ್ಟವನ್ನು ಆಟೋದಲ್ಲಿ ಬಿಡಬಾರದು. ಗಟ್ಟಿಮೇಳ ಶುರುವಾದ ಕೂಡಲೇ ಯಂತ್ರ ತಾನಾಗಿ ಮಟ್ಟ ತಗ್ಗಿಸುತ್ತದೆ, ಅದು ನಿಂತ ಮೇಲೂ ಕೆಲವು ಕ್ಷಣ ತಗ್ಗಿಯೇ ಇರುತ್ತದೆ. ಆ ಕ್ಷಣದಲ್ಲೇ ಅಮ್ಮನೋ ಅಪ್ಪನೋ ಏನಾದರೂ ಹೇಳಿರುತ್ತಾರೆ. ಮಂತ್ರದ ಧ್ವನಿ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 20 ಡೆಸಿಬಲ್ ಸುಮಾರಿಗೆ ಬರುವಂತೆ ಕೈಯಲ್ಲೇ ಇಟ್ಟು, ಇನ್ನೊಂದು ಟ್ರ್ಯಾಕನ್ನು ಅದಕ್ಕಿಂತ 12ರಷ್ಟು ಕೆಳಗೆ ದಾಖಲಿಸಿದರೆ ಗಟ್ಟಿಮೇಳ ಒಡೆಯುವುದಿಲ್ಲ. ದೊಡ್ಡ ಸದ್ದನ್ನೂ ಒಡೆಯದಂತೆ ದಾಖಲಿಸುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇರುವವರಿಗೆ ಈ ತಲೆನೋವು ಬಹುಮಟ್ಟಿಗೆ ಇಲ್ಲ. 2.4 ಗಿಗಾಹರ್ಟ್ಜ್ ವೈರ್‌ಲೆಸ್ ಮೈಕುಗಳು ನೂರಾರು ಮೊಬೈಲುಗಳ ನಡುವೆ ಕಡಿದು ಕಡಿದು ಬರುವುದುಂಟು. ಅದಕ್ಕೇ ಟ್ರಾನ್ಸ್‌ಮಿಟರಿನೊಳಗೇ ದಾಖಲಾಗುವಂಥ ಮೈಕ್ ಇದೆಯೇ ಎಂದು ಕೇಳುವುದು ಒಳ್ಳೆಯದು.

ಇಬ್ಬರ ಕಥೆ: ಪ್ರೀ ವೆಡ್ಡಿಂಗ್ ಹಾಡೋ, ಸಂದರ್ಶನವೋ?

ಹಾಡಿನ ಶೈಲಿಯ ಪ್ರೀ ವೆಡ್ಡಿಂಗ್‌ಗೆ ಒಂದು ಅಥವಾ ಎರಡು ದಿನ, ಮೂರು ನಾಲ್ಕು ಜೊತೆ ಬಟ್ಟೆ, ಮೇಕಪ್, ಪ್ರಯಾಣ ಬೇಕು. ಬೆಳಗಿನ ಮತ್ತು ಸಂಜೆಯ ಒಂದೊಂದು ಗಂಟೆ ಮಾತ್ರ ಬೆಳಕು ಚೆನ್ನಾಗಿರುತ್ತದೆ, ಉಳಿದ ಹೊತ್ತೆಲ್ಲ ಕಾಯುವುದೇ. ಹಂಪಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಟ್ರೈಪಾಡ್ ಇಳಿಸಿದ ಮೇಲೆ ಕಾವಲುಗಾರರೊಂದಿಗೆ ವಾದಕ್ಕಿಳಿದರೆ ದಿನ ಹಾಳು. ಆರತಕ್ಷತೆಯ ಎಲ್‌ಇಡಿ ವಾಲ್‌ನಲ್ಲಿ ಹಾಕಲು ಈ ಹಾಡು ಚೆನ್ನಾಗಿರುತ್ತದೆ, ಇಬ್ಬರಿಗೂ ಕ್ಯಾಮೆರಾ ಅಭ್ಯಾಸವಾಗುತ್ತದೆ. ಆದರೆ ಅದರಲ್ಲಿ ಅವರ ಕಥೆ ಇರುವುದಿಲ್ಲ, ಬೇರೆ ಜೋಡಿಯನ್ನು ನಿಲ್ಲಿಸಿದರೂ ಅದೇ ಹಾಡು ಆಗುತ್ತದೆ.

ಸಂದರ್ಶನಕ್ಕೆ ಬೇಕಾದದ್ದು ಅರ್ಧ ದಿನ, ಒಂದು ಕಿಟಕಿ ಮತ್ತು ಎರಡು ಮೈಕ್. ಮದುವೆಗೆ ಎರಡು ಮೂರು ವಾರ ಮುಂಚೆ ಇಟ್ಟುಕೊಳ್ಳಿ, ಹಿಂದಿನ ದಿನಗಳಲ್ಲಿ ಯಾರಿಗೂ ಮನಸ್ಸು ನಿಲ್ಲುವುದಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ, ತಲಾ 40 ನಿಮಿಷ ಮಾತಾಡಿಸಬೇಕು. ಒಟ್ಟಿಗೆ ಕೂತರೆ ಒಬ್ಬರು ಮಾತಾಡಿ ಇನ್ನೊಬ್ಬರು ತಲೆಯಾಡಿಸುತ್ತಾರೆ. ಕಿಟಕಿಯ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವಂತೆ ಕೂರಿಸಿ. ಫ್ಯಾನು, ಫ್ರಿಜ್ಜು, ಟಿವಿ ಆರಿಸಿ. ಅಡುಗೆಮನೆಯಲ್ಲಿ ಕುಕ್ಕರ್ ಏರಿಸದಂತೆ ಹೇಳಿ. ಕೊನೆಗೆ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಆ ಕೋಣೆಯ ಬರಿಯ ನಿಶ್ಶಬ್ದವನ್ನು ದಾಖಲಿಸಿಕೊಳ್ಳಬೇಕು, ಮಾತು ಕತ್ತರಿಸಿ ಜೋಡಿಸಿದ ಜಾಗದಲ್ಲಿ ಅದು ಬೇಕಾಗುತ್ತದೆ.

ಪ್ರಶ್ನೆಗಳ ಮೇಲೇ ಎಲ್ಲ ನಿಂತಿದೆ. ‘ಮೊದಲ ಸಲ ನೋಡಿದಾಗ ಏನನ್ನಿಸಿತು?’ ಎಂದರೆ ಬಾಯಿಪಾಠದ ಉತ್ತರ ಬರುತ್ತದೆ. ‘ಅವತ್ತು ಮನೆಗೆ ಬಂದು ಮೊದಲು ಯಾರಿಗೆ ಹೇಳಿದಿರಿ, ಏನಂತ ಹೇಳಿದಿರಿ?’ ಎಂದರೆ ಘಟನೆ ಬರುತ್ತದೆ. ‘ಯಾವ ವಿಷಯಕ್ಕೆ ಮೊದಲು ಜಗಳವಾಯಿತು, ಮಾತು ಮತ್ತೆ ಶುರು ಮಾಡಿದ್ದು ಯಾರು?’ ಎಂಬುದೂ ಒಳ್ಳೆಯ ಪ್ರಶ್ನೆ. ಪ್ರಶ್ನೆಯನ್ನೂ ಸೇರಿಸಿ ಉತ್ತರಿಸಲು ಹೇಳಿ, ಕೇಳುವವರ ದನಿ ಚಿತ್ರದಲ್ಲಿ ಇರುವುದಿಲ್ಲವಲ್ಲ. ಮನೆಮಾತಿನಲ್ಲೇ ಹೇಳಲಿ, ತುಳುವೋ ಕೊಂಕಣಿಯೋ ಆದರೆ ಬೀಗರ ಕಡೆಯವರಿಗಾಗಿ ಕನ್ನಡದ ಸಬ್‌ಟೈಟಲ್ ಹಾಕಿದರಾಯಿತು.

ಹಿರಿಯರು ನೋಡಿ ಮಾಡಿದ ಮದುವೆಗೆ ಪ್ರೇಮಕಥೆ ಎಲ್ಲಿಂದ ಬರಬೇಕು ಎಂದು ಕೆಲವರು ಹಿಂಜರಿಯುತ್ತಾರೆ. ಅಂಥ ಮದುವೆಯಲ್ಲಿ ಹೇಳುವವರು ಇನ್ನೂ ಹೆಚ್ಚು. ಸಂಬಂಧ ತಂದ ದೊಡ್ಡಮ್ಮ, ಹೆಣ್ಣು ನೋಡುವ ಶಾಸ್ತ್ರದ ದಿನ ಉಪ್ಪಿಟ್ಟು ಮಾಡಿದವರು, ಜಾತಕ ಕೂಡಿ ಬಂದ ಮೇಲೆ ಮೊದಲ ಫೋನ್ ಮಾಡಿದ ತಂದೆ, ಇವರಿಗೆಲ್ಲ ತಲಾ ಹತ್ತು ನಿಮಿಷ ಕೊಡಿ. ನಿಶ್ಚಿತಾರ್ಥದಿಂದ ಮದುವೆಯವರೆಗಿನ ತಿಂಗಳುಗಳಲ್ಲಿ ಇಬ್ಬರ ನಡುವೆ ಬೆಳೆದದ್ದನ್ನು ಅವರಿಂದಲೇ ಕೇಳಿ. ಎಡಿಟಿಂಗ್ ಮಾಡುವಾಗ ಮೊದಲು ಮಾತನ್ನಷ್ಟೇ ಜೋಡಿಸಿ ಕಣ್ಣು ಮುಚ್ಚಿ ಕೇಳುವಂತೆ ಆರೇಳು ನಿಮಿಷ ಕಟ್ಟಬೇಕು, ಆಮೇಲೆ ಅದರ ಮೇಲೆ ಮದುವೆಯ ದೃಶ್ಯ ಹಾಸಬೇಕು. ಹಾಡು ಮೊದಲು ಆರಿಸಿ ಮಾತನ್ನು ಅದಕ್ಕೆ ತುರುಕಿದರೆ ಕಥೆ ಕುಂಟುತ್ತದೆ. ಸಂದರ್ಶನ ಮತ್ತು ಪ್ರೀ ವೆಡ್ಡಿಂಗ್ ಎರಡರಲ್ಲಿ ಒಂದಕ್ಕೇ ಹಣವಿದ್ದರೆ ಸಂದರ್ಶನ ಮಾಡಿಸಿ.

ಡ್ರೋನ್, ಲೈವ್, ರೀಲ್ಸ್

ಡ್ರೋನ್ ಬಯಲಿನ ಚಪ್ಪರಕ್ಕೆ, ತೋಟದ ಮದುವೆಗೆ, ದಿಬ್ಬಣಕ್ಕೆ ಸರಿ. ಒಳಗೆ ಮುಚ್ಚಿದ ಛತ್ರಕ್ಕೆ ಬೇಡ: ರೆಕ್ಕೆಯ ಗಾಳಿಗೆ ಹೂವು, ಹೋಮದ ಬೂದಿ ಹಾರುತ್ತದೆ, ಸದ್ದಿಗೆ ಮಂತ್ರ ಮುಳುಗುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ಹಣ ಪಡೆದು ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಛತ್ರ ವಿಮಾನ ನಿಲ್ದಾಣದ ಆಸುಪಾಸಿನಲ್ಲಿದ್ದರೆ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಯಾವ ವಲಯವೆಂದು ನೋಡಿ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಲೈವ್ ಬೇಕಾಗುವುದು ಹೊರದೇಶದಲ್ಲಿ ಅಕ್ಕ, ಅಣ್ಣ ಇದ್ದಾಗ. ಇಲ್ಲಿ ಬೆಳಗಿನ 9:30ರ ಮುಹೂರ್ತ ದುಬೈನಲ್ಲಿ 8 ಗಂಟೆಗೆ, ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ 9ಕ್ಕೆ, ಚಳಿಗಾಲದಲ್ಲಿ 8ಕ್ಕೆ ಬರುತ್ತದೆ. ಆಮಂತ್ರಣದಲ್ಲಿ ಆ ಸಮಯವನ್ನೂ ಬರೆದುಬಿಡಿ. ಸ್ಥಿರವಾದ 10 ಎಂಬಿಪಿಎಸ್ ಅಪ್‌ಲೋಡ್ ಬೇಕು. ಜನ ಸೇರಿದ ಮೇಲೆ ಮೊಬೈಲ್ ಡೇಟಾ ಕುಸಿಯುತ್ತದೆ, ಖಾಲಿ ಛತ್ರದಲ್ಲಿ ಪರೀಕ್ಷಿಸಿದ ವೇಗವನ್ನು ನಂಬಬೇಡಿ. ಬ್ರಾಡ್‌ಬ್ಯಾಂಡ್ ತಂತಿ ಇಲ್ಲದಿದ್ದರೆ ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಹೊಸ ಯೂಟ್ಯೂಬ್ ಚಾನೆಲ್‌ಗೆ ಲೈವ್ ತೆರೆದುಕೊಳ್ಳಲು 24 ಗಂಟೆವರೆಗೆ ಹಿಡಿಯುತ್ತದೆ, ಎರಡು ದಿನ ಮುಂಚೆಯೇ ಕೋರಿಕೆ ಸಲ್ಲಿಸಿ. ಲೈವ್‌ನ ರೆಕಾರ್ಡಿಂಗ್ ಅನ್ನೇ ಮದುವೆ ವಿಡಿಯೋ ಎಂದು ಕೊಡುವ ಪ್ಯಾಕೇಜ್ ಒಪ್ಪಬೇಡಿ, ಅದು ಒತ್ತಿ ಕುಗ್ಗಿಸಿದ ಚಿತ್ರ.

ರೀಲ್ಸ್‌ಗೆ ಪ್ರತ್ಯೇಕವಾಗಿ ಮೊಬೈಲ್ ಹಿಡಿದ ಒಬ್ಬರು ಸಾಕು. ಮುಖ್ಯ ಕ್ಯಾಮೆರಾದವರನ್ನು ಉದ್ದನಿಲುವಿನ ವಿಡಿಯೋ ಕೇಳಬೇಡಿ.

ಯಾರ ಮದುವೆಗೆ ಯಾವುದು?

ಮಂತ್ರಮಾಂಗಲ್ಯದಂಥ ಸರಳ ಮದುವೆಗೆ ಎರಡು ಕ್ಯಾಮೆರಾ, ಒಂದು ಒಳ್ಳೆಯ ಮೈಕ್ ಸಾಕು. ಅಲ್ಲಿ ನಡೆಯುವುದೆಲ್ಲ ಮಾತು, ಪ್ರತಿಜ್ಞೆ, ಆದ್ದರಿಂದ ಸಾಕ್ಷ್ಯಚಿತ್ರ ಶೈಲಿ ಹೇಳಿ ಮಾಡಿಸಿದಂತಿದೆ. ಕೊಡವರ ಮದುವೆಯಲ್ಲಿ ಬಾಳೆ ಕಡಿಯುವುದು ಕ್ಷಣದ ಕೆಲಸ, ಆದರೆ ವಧು ನೀರು ತರುವ ದಾರಿಗೆ ಅಡ್ಡಲಾಗಿ ವಾಲಗಕ್ಕೆ ಕುಣಿಯುವುದು ಗಂಟೆಗಟ್ಟಲೆ ನಡೆಯುತ್ತದೆ. ಬ್ಯಾಟರಿ, ಕಾರ್ಡು ಎರಡೂ ಹೆಚ್ಚಿರಲಿ, ಪೂರ್ಣ ಚಿತ್ರೀಕರಣವೂ ಇರಲಿ. ಮಂಗಳೂರಿನ ಕ್ಯಾಥೊಲಿಕರ ರೋಸ್ ಶಾಸ್ತ್ರದಲ್ಲಿ ಮದುಮಕ್ಕಳಿಗೆ ಹಚ್ಚುವ ತೆಂಗಿನ ಹಾಲು ಚಿಮ್ಮುತ್ತದೆ, ಕ್ಯಾಮೆರಾಗೆ ಪ್ಲಾಸ್ಟಿಕ್ ಹೊದಿಕೆ ಬೇಕು. ಇಗರ್ಜಿಯಲ್ಲಿ ಎಲ್ಲಿ ನಿಲ್ಲಬಹುದೆಂದು ಪಾದ್ರಿಗಳನ್ನು ಮೊದಲೇ ಕೇಳಬೇಕು. ನಿಕಾಹ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಕಡೆ ವ್ಯವಸ್ಥೆಯಿದ್ದರೆ ಮಹಿಳಾ ಕ್ಯಾಮೆರಾ ತಂಡ ಇರುವವರನ್ನೇ ಆರಿಸಿ, ಎರಡೂ ಕಡೆ ಏಕಕಾಲಕ್ಕೆ ಓಡಬೇಕು.

ಒಪ್ಪಂದ ಮತ್ತು ಫುಟೇಜ್

ಟೀಸರ್ ಬಿಟ್ಟು, ಅದೇ ತಂಡ ಮಾಡಿದ ಒಂದು ಪೂರ್ತಿ ಮದುವೆಯ ವಿಡಿಯೋ ತೋರಿಸಲು ಕೇಳಿ. ಅದರಲ್ಲಿ ಮುಹೂರ್ತದ ಹತ್ತು ನಿಮಿಷವನ್ನು ಹೆಡ್‌ಫೋನ್ ಹಾಕಿ ಕೇಳಿ. ನಿಮ್ಮ ದಿನ ಬರುವವರು ಅವರೇನಾ, ಇಲ್ಲ ಅದೇ ಮುಹೂರ್ತಕ್ಕೆ ಮೂರು ಮದುವೆ ಹಿಡಿದು ಬೇರೆಯವರನ್ನು ಕಳಿಸುತ್ತಾರಾ ಎಂದು ಹೆಸರು ಸಮೇತ ಬರೆಸಿಕೊಳ್ಳಿ. ಕ್ಯಾಮೆರಾಗಳ ಸಂಖ್ಯೆ, ಗಂಟೆಗಳು, ಚಿತ್ರದ ಉದ್ದ, ಎಷ್ಟು ಸಲ ತಿದ್ದಿಕೊಡುತ್ತಾರೆ, ಕೊಡುವ ತಾರೀಖು, ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಲ್ಲವೂ ಕಾಗದದ ಮೇಲೆ ಇರಲಿ.

1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಮಾಡಿಸಿಕೊಂಡ ಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿಕೊಂಡವರೇ. ಸ್ಟುಡಿಯೋದ ಸಣ್ಣ ಅಕ್ಷರದ ಷರತ್ತಿನಲ್ಲಿ ಇದನ್ನು ಬಿಟ್ಟುಕೊಟ್ಟಿದ್ದೀರಾ ನೋಡಿ. ನಿಮ್ಮ ವಿಡಿಯೋವನ್ನು, ಅದರಲ್ಲೂ ಮಕ್ಕಳ ಮುಖವನ್ನು, ಅವರು ಪ್ರಚಾರಕ್ಕೆ ಹಾಕಬೇಕಾದರೆ ನಿಮ್ಮನ್ನು ಕೇಳಬೇಕೆಂದು ಸೇರಿಸಿ. ಹಾಡಿನ ವಿಷಯದಲ್ಲಿ ಒಂದು ಗೊಂದಲವಿದೆ. ಮದುವೆ ಸಮಾರಂಭದಲ್ಲಿ ಹಾಡು ನುಡಿಸಲು ಅದೇ ಕಾಯಿದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೆ ಸಿನಿಮಾ ಹಾಡನ್ನು ವಿಡಿಯೋಗೆ ಜೋಡಿಸಿ ಇಂಟರ್‌ನೆಟ್ಟಿಗೆ ಹಾಕುವುದು ಬೇರೆ ಮಾತು, ಯೂಟ್ಯೂಬ್ ಅದನ್ನು ಗುರುತಿಸಿ ಧ್ವನಿ ಅಡಗಿಸಬಹುದು. ಹಂಚಿಕೊಳ್ಳುವ ಪ್ರತಿಗೆ ಪರವಾನಗಿ ಪಡೆದ ಸಂಗೀತ ಬಳಸಲು ಹೇಳಿ.

ಕಚ್ಚಾ ಫುಟೇಜ್ ಕೊಡುತ್ತಾರೆಯೇ ಎಂಬುದು ಕೊನೆಯ ಪ್ರಶ್ನೆಯಲ್ಲ, ಮೊದಲ ಪ್ರಶ್ನೆಗಳಲ್ಲೊಂದು. 4ಕೆ ಚಿತ್ರ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಾದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಎಂಟು ಗಂಟೆ ಓಡಿದರೆ 720 ಜಿಬಿ, ಮೂರಾದರೆ 1 ಟಿಬಿ ದಾಟುತ್ತದೆ. ಅದಕ್ಕೆ 2 ಟಿಬಿಯ ಎರಡು ಹಾರ್ಡ್ ಡಿಸ್ಕ್ ನೀವೇ ಕೊಂಡು ಕೊಡಿ, ಪೆನ್‌ಡ್ರೈವ್ ನಂಬಬೇಡಿ. ಕ್ಯಾಮೆರಾದಲ್ಲಿ ಎರಡು ಕಾರ್ಡಿಗೂ ಒಟ್ಟಿಗೆ ಬರೆಯುವ ವ್ಯವಸ್ಥೆ ಇರಬೇಕು. ಅಂದಿನ ರಾತ್ರಿಯೇ ಎರಡು ಕಡೆ ನಕಲು ಆಗುವವರೆಗೆ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡಬಾರದು. ಕೊನೆಯ ಕಂತಿನ ಕಾಲುಭಾಗವನ್ನು ಡಿಸ್ಕ್ ಕೈಗೆ ಬಂದ ಮೇಲೆ ಕೊಡಿ: ಡಿಸ್ಕನ್ನು ನಿಮ್ಮ ಕಂಪ್ಯೂಟರಿಗೆ ಹಾಕಿ, ಪ್ರತಿ ಕ್ಯಾಮೆರಾದ ಫೋಲ್ಡರಿನಲ್ಲಿ ಒಂದೆರಡು ಫೈಲ್ ತೆರೆದು, ಮೈಕಿನ ಧ್ವನಿಯ ಫೈಲುಗಳೂ ಬಂದಿವೆಯೇ ನೋಡಿದ ನಂತರ. ಎರಡನೇ ಡಿಸ್ಕ್ ಬೇರೆ ಮನೆಯಲ್ಲಿ, ತವರಿನಲ್ಲೋ ಬೀಗರಲ್ಲೋ ಇರಲಿ. ವರ್ಷಕ್ಕೊಮ್ಮೆ ಎರಡನ್ನೂ ಓಡಿಸಿ ನೋಡಿ, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಿ.